ಫೋನಿನಲ್ಲಿ ಸಕ್ಕರೆ ಲೆಕ್ಕ : ಅಂಕಿ ಸಿಕ್ಕಿತು, ನೋಡುವವರು ಯಾರು?

ಮೋಲ್ನ್‌ಡಾಲ್ (ಸ್ವೀಡನ್) : ಬೇಸಿಗೆ ಬಂತೆಂದರೆ ಸ್ವೀಡನ್ನಿನ ಕನ್ನಡಿಗರ ಮನೆಗಳಿಗೆ ಊರಿನಿಂದ ಅಪ್ಪ ಅಮ್ಮ ಬರುತ್ತಾರೆ. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಸಾರಿನ ಪುಡಿ, ಹುರಿಹಿಟ್ಟು. ಕೈಚೀಲದಲ್ಲಿ ಮೂರು ತಿಂಗಳಿಗಾಗುವಷ್ಟು ಬಿಪಿ ಮಾತ್ರೆ, ಶುಗರ್ ಮಾತ್ರೆ. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಇನ್ನೊಂದು ಸೇರಿಕೊಂಡಿದೆ. ಅದು ಅಪ್ಪನ ಮೊಬೈಲಿನಲ್ಲಿರುವ ಶುಗರ್ ಆಪ್. ಬೆರಳು ಚುಚ್ಚಿ ನೋಡಿದ ಸಕ್ಕರೆ, ಬೆಳಗ್ಗೆ ತಿಂದ ದೋಸೆ, ಸಂಜೆ ನಡೆದ ಹೆಜ್ಜೆ ಎಲ್ಲವೂ ಅದರೊಳಗೆ ಜಮಾ. ಇನ್ನು ಕೆಲವರ ತೋಳಿನ ಮೇಲೆ ನಾಣ್ಯದಂಥ ಸೆನ್ಸರು. ಬೆರಳು ಚುಚ್ಚುವ ಗೋಜೇ ಇಲ್ಲದೆ ಗೆರೆ ಏರುವುದು, ಇಳಿಯುವುದು ಫೋನಿನಲ್ಲೇ ಕಾಣುತ್ತದೆ.

ನೋಡಿದರೆ ಖುಷಿಯಾಗುವ ಸಂಗತಿಯೇ. ಆದರೆ ಒಂದು ಪ್ರಶ್ನೆ. ಈ ಅಂಕಿಗಳನ್ನೆಲ್ಲ ಕೊನೆಗೆ ನೋಡುವವರು ಯಾರು? ನೋಡಿ ಏನು ಮಾಡುತ್ತಾರೆ? ಆಪ್‌ಗಳ ಬಗ್ಗೆ ನಡೆಯುವ ಮಾತುಕತೆಯಲ್ಲಿ ಈ ಪ್ರಶ್ನೆ ಅಪರೂಪಕ್ಕೆ ಬರುತ್ತದೆ. ಮೋಲ್ನ್‌ಡಾಲ್‌ನಲ್ಲಿ ಕುಳಿತು ಈ ಬಗ್ಗೆ ಯೋಚಿಸುವುದಕ್ಕೆ ಒಂದು ಕಾರಣವೂ ಇದೆ.

ಗೊಥೆನ್‌ಬರ್ಗ್ ನಗರದ ದಕ್ಷಿಣಕ್ಕೆ ಅಂಟಿಕೊಂಡಿರುವ ಪುಟ್ಟ ಊರು ಇದು. ಗೊಥೆನ್‌ಬರ್ಗಿನಿಂದ ಟ್ರಾಮ್ ಹತ್ತಿದರೆ ಬಂದು ಇಳಿಯಬಹುದು. ಹೊಟ್ಟೆಯುರಿಗೆ ನಮ್ಮೂರಿನ ಮೆಡಿಕಲ್ ಶಾಪುಗಳಲ್ಲೂ ಸಿಗುವ ಒಮೆಪ್ರಜೋಲ್ ಸಿದ್ಧವಾದದ್ದು ಇಲ್ಲಿಯ ಹೆಸ್ಲೆ ಕಂಪನಿಯಲ್ಲಿ. 1988ರಲ್ಲಿ ಅದು ಮಾರುಕಟ್ಟೆಗೆ ಬಂತು. ಆ ಕಂಪನಿಯ ಜಾಗದಲ್ಲಿ ಈಗ ಆಸ್ಟ್ರಾಜೆನೆಕಾದ ದೊಡ್ಡ ಸಂಶೋಧನಾ ಕೇಂದ್ರವಿದೆ. ಡಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಇದೇ ಕಂಪನಿಯದು. ಊರಿನ ಆಸ್ಪತ್ರೆ 1997ರಿಂದ ಗೊಥೆನ್‌ಬರ್ಗಿನ ಸಾಲ್‌ಗ್ರೆನ್ಸ್ಕಾ ವಿಶ್ವವಿದ್ಯಾಲಯ ಆಸ್ಪತ್ರೆಯ ಭಾಗ. ಇಡೀ ಸ್ವೀಡನ್ನಿನ ಸಕ್ಕರೆ ಕಾಯಿಲೆಯ ಲೆಕ್ಕ ಇಡುವ ರಾಷ್ಟ್ರೀಯ ಡಯಾಬಿಟಿಸ್ ರಿಜಿಸ್ಟರ್ ಇರುವುದೂ ಗೊಥೆನ್‌ಬರ್ಗಿನಲ್ಲೇ. ಅಂದರೆ ಸಕ್ಕರೆಯ ಅಂಕಿಗಳನ್ನು ಬರೀ ಬರೆದಿಡದೆ ಓದಲು ಕಲಿತ ಸೀಮೆ ಇದು.

ಇತ್ತ ನಮ್ಮ ಕಡೆಯ ಲೆಕ್ಕ ಏನು ಹೇಳುತ್ತದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ದೇಶ ಬಿಟ್ಟು ಬಂದ ಮಾತ್ರಕ್ಕೆ ಈ ಲೆಕ್ಕದಿಂದ ನಾವು ಹೊರಗಾಗುವುದಿಲ್ಲ. ದಕ್ಷಿಣ ಏಷ್ಯಾದವರಿಗೆ ಯುರೋಪಿಯನ್ನರಿಗಿಂತ ಚಿಕ್ಕ ವಯಸ್ಸಿಗೇ, ಅವರಷ್ಟು ದಪ್ಪವಾಗದೆಯೇ ಸಕ್ಕರೆ ಕಾಯಿಲೆ ಬರುತ್ತದೆ ಎಂಬುದು ಈಗ ಚೆನ್ನಾಗಿ ಗೊತ್ತಿರುವ ಸಂಗತಿ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಬಿಎಂಐ ಯುರೋಪಿಯನ್ನರಿಗೆ 25 ದಾಟಿದರೆ ಹೆಚ್ಚು ತೂಕ, ನಮಗೆ 23ಕ್ಕೇ ಎಚ್ಚರಿಕೆಯ ಗಂಟೆ. ಆದ್ದರಿಂದ ಇದು ಅಪ್ಪ ಅಮ್ಮನ ಕಥೆ ಮಾತ್ರವಲ್ಲ, ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವ ನಮ್ಮದೂ ಹೌದು.

ಒಂದೇ ಸಕ್ಕರೆ, ಮೂರು ಭಾಷೆ

ಮೊದಲು ಎಲ್ಲರನ್ನೂ ಎಡವಿಸುವ ವಿಷಯ. ದಾವಣಗೆರೆಯಿಂದ ಅಮ್ಮ ಫೋನಿನಲ್ಲಿ "ಶುಗರ್ ಏಳು ಬಂದಿದೆ ಕಣೋ" ಅಂದರು ಅನ್ನಿ. ಸಂತೋಷಪಡಬೇಕೋ, ಗಾಬರಿಯಾಗಬೇಕೋ?

ಅದು ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಶೇಕಡಾವಾರು ಲೆಕ್ಕವಾಗಿದ್ದರೆ, ಕಾಯಿಲೆ ಇರುವ ಅನೇಕರಿಗೆ 7 ಎಂಬುದು ಒಳ್ಳೆಯ ಹಿಡಿತವೇ. ಅದೇ 7 ಸ್ವೀಡನ್ನಿನ ಗ್ಲುಕೋಮೀಟರಿನಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದಿದ್ದರೆ ನಮ್ಮೂರಿನ ಲೆಕ್ಕದಲ್ಲಿ ಅದು 126. ಮಧುಮೇಹ ಇದೆಯೆಂದು ಹೇಳುವ ಗಡಿ ಅದೇ. ಒಂದೇ ಅಂಕಿ, ಎರಡು ಅರ್ಥ!

ಭಾರತದಲ್ಲಿ ರಕ್ತದ ಸಕ್ಕರೆಯನ್ನು ಒಂದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯುತ್ತಾರೆ. ಸ್ವೀಡನ್ನಿನಲ್ಲಿ ಒಂದು ಲೀಟರಿಗೆ ಇಷ್ಟು ಮಿಲಿಮೋಲ್ ಎಂದು. ಇಲ್ಲಿಯ ಅಂಕಿಯನ್ನು 18ರಿಂದ ಗುಣಿಸಿದರೆ ಊರಿನ ಅಂಕಿ ಸಿಗುತ್ತದೆ. 3.9 ಅಂದರೆ 70, ಅದಕ್ಕಿಂತ ಕೆಳಗಿಳಿದರೆ ಸಕ್ಕರೆ ಕಡಿಮೆಯಾಯಿತೆಂದು ಅರ್ಥ. 5.5 ಅಂದರೆ 99. 10 ಅಂದರೆ 180. ಮೂರು ತಿಂಗಳ ಸರಾಸರಿಯ ಲೆಕ್ಕವೂ ಬೇರೆಯೇ. ಊರಿನ ಶೇಕಡಾ 6.5 ಇಲ್ಲಿ 48. ಊರಿನ 7 ಇಲ್ಲಿ 53. ಊರಿನ 8 ಇಲ್ಲಿ 64. ಊರಿನ ರಿಪೋರ್ಟಿನಲ್ಲಿ 7 ಎಂದು ನೋಡಿ ಅಭ್ಯಾಸವಾದವರು ಇಲ್ಲಿಯ ವರದಿಯಲ್ಲಿ 53 ಎಂದು ಕಂಡಾಗ ಬೆಚ್ಚಿಬೀಳುವುದು ಸಹಜ.

ಅನೇಕ ಆಪ್‌ಗಳಲ್ಲಿ ಈ ಅಳತೆಯನ್ನು ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಕೊಳ್ಳಬಹುದು. ಆದರೆ ಬೆಂಗಳೂರಿನಲ್ಲಿ ಕೊಂಡ ಮೀಟರು, ಮೋಲ್ನ್‌ಡಾಲ್‌ನಲ್ಲಿ ಹಾಕಿಕೊಂಡ ಆಪ್, ಮಧ್ಯದಲ್ಲಿ ಕೈಯಿಂದ ಅಂಕಿ ಬರೆಯುವ ಅಪ್ಪ. ಈ ಮೂವರಲ್ಲಿ ಯಾರು ಯಾವ ಭಾಷೆ ಮಾತನಾಡುತ್ತಿದ್ದಾರೆಂದು ಒಮ್ಮೆ ಕುಳಿತು ಸರಿಮಾಡಿಕೊಳ್ಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರ ವಿಷಯದಲ್ಲಂತೂ ಇದು ಹುಡುಗಾಟವಲ್ಲ.

ಗೊಥೆನ್‌ಬರ್ಗಿನ ದೊಡ್ಡ ಲೆಕ್ಕದ ಪುಸ್ತಕ

ರಾಷ್ಟ್ರೀಯ ಡಯಾಬಿಟಿಸ್ ರಿಜಿಸ್ಟರ್ ಶುರುವಾದದ್ದು 1996ರಲ್ಲಿ, ಸ್ಮಾರ್ಟ್‌ಫೋನು ಎಂಬ ಮಾತೇ ಇಲ್ಲದ ಕಾಲದಲ್ಲಿ. ಸ್ವೀಡನ್ನಿನ ಆಸ್ಪತ್ರೆಗಳು ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಮ್ಮಲ್ಲಿಗೆ ಬರುವ ಮಧುಮೇಹಿಗಳ ಸಕ್ಕರೆ, ಬಿಪಿ, ಕೊಲೆಸ್ಟರಾಲ್, ಮೂತ್ರಪಿಂಡ, ಕಣ್ಣು, ಪಾದಗಳ ಪರೀಕ್ಷೆಯ ವಿವರ ಅದಕ್ಕೆ ಕಳಿಸುತ್ತವೆ. ಯಾವ ಪ್ರಾಂತದಲ್ಲಿ ಚಿಕಿತ್ಸೆ ಚೆನ್ನಾಗಿದೆ, ಎಲ್ಲಿ ಹಿಂದೆ ಬಿದ್ದಿದೆ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಹಿಂದೆ ಬಿದ್ದವರಿಗೆ ನಾಚಿಕೆಯೂ ಆಗುತ್ತದೆ, ಮುಂದಿನವರನ್ನು ನೋಡಿ ಕಲಿಯಲು ದಾರಿಯೂ ಸಿಗುತ್ತದೆ.

ಈ ಪುಸ್ತಕದ ಲೆಕ್ಕದಿಂದ ಹೊರಬಂದ ಒಂದು ಅಧ್ಯಯನ ನಮ್ಮ ವಿಷಯಕ್ಕೆ ಬಹಳ ಮುಖ್ಯ. 2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅದು ಪ್ರಕಟವಾಯಿತು. ಎರಡನೇ ಬಗೆಯ, ಅಂದರೆ ನಮ್ಮಲ್ಲಿ ಹೆಚ್ಚಾಗಿ ಕಾಣುವ ಮಧುಮೇಹವಿರುವ 2,71,174 ಜನರನ್ನು, ಕಾಯಿಲೆ ಇಲ್ಲದ 13 ಲಕ್ಷಕ್ಕೂ ಹೆಚ್ಚು ಜನರೊಂದಿಗೆ ಹೋಲಿಸಿ ನೋಡಿದರು. ನೋಡಿದ್ದು ಐದು ಅಂಶ : ಸಕ್ಕರೆಯ ಸರಾಸರಿ, ಕೆಟ್ಟ ಕೊಲೆಸ್ಟರಾಲ್, ರಕ್ತದೊತ್ತಡ, ಮೂತ್ರದಲ್ಲಿ ಸೋರುವ ಪ್ರೋಟೀನ್, ಧೂಮಪಾನ. ಈ ಐದೂ ಹಿಡಿತದಲ್ಲಿದ್ದವರಿಗೆ ಸಾವು, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಕಾಯಿಲೆ ಇಲ್ಲದವರಿಗಿಂತ ಹೆಚ್ಚೇನೂ ಇರಲಿಲ್ಲ, ಇದ್ದರೂ ಅಲ್ಪಸ್ವಲ್ಪ. ಹೃದಯ ದುರ್ಬಲವಾಗಿ ಆಸ್ಪತ್ರೆ ಸೇರುವ ಅಪಾಯ ಮಾತ್ರ ಉಳಿದುಕೊಂಡಿತ್ತು. ಸಾವಿನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಸೂಚನೆ ಯಾವುದು ಗೊತ್ತೆ? ಸಕ್ಕರೆಯಲ್ಲ, ಸಿಗರೇಟು.

ಈಗ ಮತ್ತೆ ಆಪ್ ಕಡೆ ನೋಡಿ. ಐದರಲ್ಲಿ ಫೋನಿನ ಪರದೆ ತುಂಬ ಕುಣಿಯುವುದು ಯಾವುದು? ಒಂದೇ ಒಂದು, ಸಕ್ಕರೆ. ಹನ್ನೆರಡು ಗಂಟೆಗೆ 160, ಒಂದು ಗಂಟೆಗೆ 185 ಎಂದು ನೋಡುತ್ತ ಕುಳಿತವರು ಬಿಪಿ ನೋಡಿ ಆರು ತಿಂಗಳಾಯಿತೆಂಬುದನ್ನು ಮರೆತಿರುತ್ತಾರೆ. ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿಯೇ ಇರುವುದಿಲ್ಲ. ಕಣ್ಣಿನ ರೆಟಿನಾ ಫೋಟೋ, ಪಾದದ ಪರೀಕ್ಷೆ ಮುಂದಿನ ವರ್ಷಕ್ಕೆ. ಕಣ್ಣಿಗೆ ಕಾಣುವ ಅಂಕಿ ಕಾಣದ ಅಂಕಿಗಳನ್ನು ಮರೆಸಿಬಿಡುತ್ತದೆ. ಇದು ಆಪ್‌ನ ತಪ್ಪಲ್ಲ. ಆದರೆ ಬರೀ ಆಪ್ ಇಟ್ಟುಕೊಂಡವರಿಗೆ ಇದನ್ನು ನೆನಪಿಸುವವರು ಯಾರೂ ಇಲ್ಲ.

ಹಾಗಾದರೆ ಆಪ್‌ನಿಂದ ಪ್ರಯೋಜನವೇ ಇಲ್ಲವೆ?

ಇದೆ. ಖಂಡಿತ ಇದೆ. ಆದರೆ ಎಲ್ಲಿ ಪ್ರಯೋಜನವಾಗಿದೆ ಎಂದು ಕೆದಕಿ ನೋಡಿದರೆ ಅದರ ಹಿಂದೆ ಮನುಷ್ಯರು ನಿಂತಿರುವುದು ಕಾಣುತ್ತದೆ.

ಅಮೆರಿಕದ ಮೇರಿಲ್ಯಾಂಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊಬೈಲಿನಲ್ಲಿ ಸಲಹೆ ಪಡೆದು ಅದರ ಸಾರಾಂಶ ವೈದ್ಯರಿಗೂ ತಲುಪುವ ವ್ಯವಸ್ಥೆ ಇದ್ದವರಲ್ಲಿ ಒಂದು ವರ್ಷದಲ್ಲಿ ಎಚ್‌ಬಿಎ1ಸಿ ಶೇಕಡಾ 1.9ರಷ್ಟು ಇಳಿಯಿತು. ಮಾಮೂಲಿ ಚಿಕಿತ್ಸೆಯಲ್ಲಿದ್ದವರಲ್ಲಿ ಇಳಿದದ್ದು 0.7. ಸ್ವೀಡನ್ನಿನ 15 ಕಡೆ ನಡೆದು 2017ರಲ್ಲಿ ಪ್ರಕಟವಾದ ಗೋಲ್ಡ್ ಅಧ್ಯಯನದಲ್ಲಿ, ಇನ್ಸುಲಿನ್ ಇಂಜೆಕ್ಷನ್ ತೆಗೆದುಕೊಳ್ಳುವ ಮೊದಲನೇ ಬಗೆಯ 161 ಮಧುಮೇಹಿಗಳು ಭಾಗವಹಿಸಿದ್ದರು. ಸೆನ್ಸರು ಹಾಕಿಕೊಂಡಿದ್ದಾಗ ಅವರ ಸರಾಸರಿ 7.92, ಬೆರಳು ಚುಚ್ಚಿ ನೋಡುತ್ತಿದ್ದಾಗ 8.35. ಇವರೆಲ್ಲರೂ ಕ್ಲಿನಿಕ್ಕಿನ ಕಣ್ಣಳತೆಯಲ್ಲಿ ಇದ್ದವರು.

ಇನ್ನೊಂದು ಉದಾಹರಣೆ ನಮ್ಮ ಪಕ್ಕದ ಚೆನ್ನೈನದು. ಅಲ್ಲಿಯ ವೈದ್ಯ ಎ. ರಾಮಚಂದ್ರನ್ ಅವರ ತಂಡ ಮಧುಮೇಹದ ಹೊಸ್ತಿಲಲ್ಲಿದ್ದ 537 ದುಡಿಯುವ ಗಂಡಸರನ್ನು ಆರಿಸಿಕೊಂಡಿತು. ಅರ್ಧ ಜನರಿಗೆ ಊಟ, ವ್ಯಾಯಾಮದ ಬಗ್ಗೆ ನಿಯಮಿತವಾಗಿ ಎಸ್ಸೆಮ್ಮೆಸ್. ಆಪ್ ಇಲ್ಲ, ಸೆನ್ಸರು ಇಲ್ಲ, ಬರೀ ಎಸ್ಸೆಮ್ಮೆಸ್! ಎರಡು ವರ್ಷದ ಕೊನೆಗೆ ಸಂದೇಶ ಪಡೆದವರಲ್ಲಿ ಶೇಕಡಾ 18 ಜನರಿಗೆ ಮಧುಮೇಹ ಬಂದಿತ್ತು, ಪಡೆಯದವರಲ್ಲಿ ಶೇಕಡಾ 27 ಜನರಿಗೆ. 2013ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ದುಬಾರಿ ಫೋನಿಗಿಂತ, ಸರಿಯಾದ ಹೊತ್ತಿಗೆ ಸರಿಯಾದ ಮಾತು ಹೇಳುವುದು ಹೆಚ್ಚು ಕೆಲಸ ಮಾಡಿತು.

ಗೊಥೆನ್‌ಬರ್ಗಿನಲ್ಲೇ ಹುಟ್ಟಿದ ಡಯಾಸೆಂಡ್ ಎಂಬ ಕಂಪನಿಯ ಕಥೆಯೂ ಇದನ್ನೇ ಹೇಳುತ್ತದೆ. ಒಂದೊಂದು ಕಂಪನಿಯ ಮೀಟರು, ಪಂಪುಗಳಿಗೆ ಒಂದೊಂದು ಕೇಬಲ್ಲು, ಒಂದೊಂದು ಸಾಫ್ಟ್‌ವೇರು ಇದ್ದರೆ ವೈದ್ಯರು ನೋಡುವುದು ಹೇಗೆ? ಎಲ್ಲ ಉಪಕರಣಗಳ ಅಂಕಿಗಳನ್ನೂ ಒಂದೇ ಕಡೆ ತಂದು ರೋಗಿ ಮತ್ತು ಕ್ಲಿನಿಕ್ಕು ಇಬ್ಬರೂ ನೋಡುವಂತೆ ಮಾಡಿದ್ದೇ ಅದರ ಕಸುಬು. 2016ರಲ್ಲಿ ಅದು ಅಮೆರಿಕದ ಗ್ಲೂಕೋ ಕಂಪನಿಯೊಂದಿಗೆ ಒಂದಾಯಿತು. ಅಂಕಿ ಹುಟ್ಟಿಸುವುದಲ್ಲ, ಅಂಕಿಯನ್ನು ನೋಡಬೇಕಾದವರಿಗೆ ತಲುಪಿಸುವುದೇ ಈ ವ್ಯಾಪಾರದ ಜೀವಾಳವಾಗಿತ್ತು.

ಮೋಲ್ನ್‌ಡಾಲ್‌ನಲ್ಲಿ ವಾಸವಿದ್ದು ಇಲ್ಲಿಯ ಪರ್ಸನ್ ನಂಬರ್ ಪಡೆದವರಿಗೆ ಈ ನೋಡುವವರು ಇದ್ದಾರೆ. ಎರಡನೇ ಬಗೆಯ ಮಧುಮೇಹವನ್ನು ಹೆಚ್ಚಾಗಿ ವೋರ್ಡ್‌ಸೆಂಟ್ರಾಲ್ ಎಂಬ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಿಕೊಳ್ಳುತ್ತಾರೆ. ಅಲ್ಲಿ ಇದಕ್ಕೆಂದೇ ತರಬೇತಿ ಪಡೆದ ಡಯಾಬಿಟಿಸ್ ನರ್ಸ್ ಇರುತ್ತಾರೆ. ಡಾಕ್ಟರಿಗಿಂತ ಹೆಚ್ಚು ಹೊತ್ತು ಕೂರಿಸಿಕೊಂಡು ಮಾತನಾಡುವವರು ಅವರೇ. 1177 ಎಂಬ ಸಾರ್ವಜನಿಕ ಆರೋಗ್ಯ ಸೇವೆಗೆ ಬ್ಯಾಂಕ್ ಐಡಿಯಿಂದ ಒಳಹೊಕ್ಕರೆ ನಿಮ್ಮ ರಕ್ತಪರೀಕ್ಷೆಯ ಫಲಿತಾಂಶ ನೀವೇ ಓದಬಹುದು, ಕ್ಲಿನಿಕ್ಕಿಗೆ ಸಂದೇಶ ಕಳಿಸಬಹುದು. ಇನ್ಸುಲಿನ್ನಿಗೆ ರೋಗಿ ಹಣ ಕೊಡಬೇಕಿಲ್ಲ. ಇಷ್ಟೆಲ್ಲ ಇದ್ದೂ ಹೊಸದಾಗಿ ಬಂದ ನಮ್ಮವರಲ್ಲಿ ಕೆಲವರು ಭಾಷೆಯ ಅಳುಕಿನಿಂದ ನರ್ಸ್ ಹತ್ತಿರ ಹೋಗದೆ ಆಪ್‌ನ ಸಲಹೆಯಲ್ಲೇ ಕಾಲ ತಳ್ಳುವುದುಂಟು. ಅಳುಕು ಬೇಡ. ಇಂಗ್ಲಿಷಿನಲ್ಲಿ ಮಾತನಾಡಬಹುದು, ಅಗತ್ಯವಿದ್ದರೆ ದುಭಾಷಿಯನ್ನು ಕೇಳಬಹುದು.

ಕೈಕೊಡುವುದು ಎಲ್ಲಿ?

ಇನ್ನೊಂದು ಮುಖವನ್ನೂ ನೋಡಬೇಕು. ಇನ್ಸುಲಿನ್ ಎಷ್ಟು ತೆಗೆದುಕೊಳ್ಳಬೇಕೆಂದು ಲೆಕ್ಕ ಹಾಕಿಕೊಡುವ 46 ಆಪ್‌ಗಳನ್ನು ಲಂಡನ್ನಿನ ಸಂಶೋಧಕರು ಪರೀಕ್ಷಿಸಿ 2015ರಲ್ಲಿ ವರದಿ ಬರೆದರು. ಅವುಗಳಲ್ಲಿ ಶೇಕಡಾ 67 ಆಪ್‌ಗಳಿಂದ ತಪ್ಪು ಡೋಸ್ ಬರುವ ಅಪಾಯವಿತ್ತು. ಅದಾದ ಮೇಲೆ ಯುರೋಪಿನಲ್ಲಿ ವೈದ್ಯಕೀಯ ಉಪಕರಣಗಳ ಹೊಸ ಕಾನೂನು 2021ರ ಮೇ ತಿಂಗಳಿನಿಂದ ಜಾರಿಗೆ ಬಂದು ಇಂಥ ಆಪ್‌ಗಳೂ ಪರೀಕ್ಷೆಗೆ ಒಳಪಡಬೇಕಾಯಿತು. ಡೋಸ್ ಹೇಳುವ ಆಪ್ ಆದರೆ ಅದಕ್ಕೆ ಸಿಇ ಗುರುತು ಇದೆಯೇ ಎಂದು ನೋಡಿ. ಇದ್ದರೂ ನಿಮ್ಮ ನರ್ಸ್ ಅಥವಾ ವೈದ್ಯರು ಅದರಲ್ಲಿ ನಿಮ್ಮ ಲೆಕ್ಕವನ್ನು ಹೊಂದಿಸಿಕೊಡುವವರೆಗೆ ಮುಟ್ಟಬೇಡಿ.

2024ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತು. ಚರ್ಮ ಚುಚ್ಚದೆಯೇ ಸಕ್ಕರೆ ಅಳೆಯುತ್ತೇವೆ ಎನ್ನುವ ವಾಚು, ಉಂಗುರಗಳನ್ನು ನಂಬಬೇಡಿ, ಅಂಥ ಯಾವುದಕ್ಕೂ ನಾವು ಒಪ್ಪಿಗೆ ಕೊಟ್ಟಿಲ್ಲ ಎಂದು. ಹಬ್ಬದ ರಿಯಾಯಿತಿಯಲ್ಲಿ ಅಪ್ಪನಿಗೆಂದು ಅಂಥ ವಾಚು ತರಿಸುವ ಮುನ್ನ ಇದನ್ನು ನೆನಪಿಟ್ಟುಕೊಳ್ಳಿ.

2025ರ ಫೆಬ್ರುವರಿಯಲ್ಲಿ ಅದೇ ಸಂಸ್ಥೆ ಇನ್ನೊಂದು ಸಂಗತಿ ಹೇಳಿತು. ಸೆನ್ಸರು ಸರಿಯಾಗಿದ್ದರೂ ಫೋನು ಬಾಯಿ ಮುಚ್ಚಿಕೊಂಡಿದ್ದರಿಂದ ಕೆಲವರಿಗೆ ಅಪಾಯದ ಅಲಾರಂ ಕೇಳಿಸಿರಲಿಲ್ಲ. ಫೋನಿನ ಸಾಫ್ಟ್‌ವೇರ್ ಹೊಸದಾಯಿತು, ಹೊಸ ಇಯರ್‌ಫೋನು ಜೋಡಿಸಿದರು, 'ತೊಂದರೆ ಕೊಡಬೇಡ' ಎಂಬ ಆಯ್ಕೆ ಒತ್ತಿದರು. ಅಷ್ಟೇ, ಅಲಾರಂ ಬಂದ್. ಅದೇ ವರ್ಷ ನವೆಂಬರಿನಲ್ಲಿ ಅಬಟ್ ಕಂಪನಿ ತನ್ನ ಲಿಬ್ರೆ 3 ಜಾತಿಯ ಕೆಲವು ಸೆನ್ಸರುಗಳು ಇರುವುದಕ್ಕಿಂತ ಕಡಿಮೆ ಸಕ್ಕರೆ ತೋರಿಸಬಹುದೆಂದು ತಾನೇ ಎಚ್ಚರಿಸಿತು. ಅದರೊಂದಿಗೆ ಸಂಬಂಧವಿರಬಹುದಾದ 7 ಸಾವುಗಳ ವರದಿ ಬಂದಿತ್ತು.

ಇದನ್ನೆಲ್ಲ ಹೇಳಿದ್ದು ಸೆನ್ಸರು ಕಿತ್ತೆಸೆಯಿರಿ ಎಂದಲ್ಲ. ಸೆನ್ಸರು ನೋಡುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಸಕ್ಕರೆ ಸರ್ರನೆ ಏರುವಾಗ, ಇಳಿಯುವಾಗ ಅದು ಕೆಲವು ನಿಮಿಷ ಹಿಂದೆ ಉಳಿಯುತ್ತದೆ. ಆ ತೋಳಿನ ಮೇಲೆ ಒರಗಿ ಮಲಗಿದರೆ ಸುಳ್ಳೇ ಕಡಿಮೆ ತೋರಿಸಬಹುದು. ಆದ್ದರಿಂದ ಮೈ ಒಂದು ಹೇಳಿ ಫೋನು ಇನ್ನೊಂದು ಹೇಳಿದರೆ ಹಳೆಯ ಗ್ಲುಕೋಮೀಟರಿನಲ್ಲಿ ಬೆರಳು ಚುಚ್ಚಿ ನೋಡುವುದೇ ಸರಿ. ಸೆನ್ಸರು ಬಂತೆಂದು ಮೀಟರನ್ನು ಅಟ್ಟಕ್ಕೆ ಹಾಕಬಾರದು.

ರಾಗಿಮುದ್ದೆ, ಏಕಾದಶಿ ಗೊತ್ತಿಲ್ಲದ ಯಂತ್ರ

ಊಟದ ಫೋಟೋ ತೆಗೆದರೆ ಅದರಲ್ಲಿ ಎಷ್ಟು ಪಿಷ್ಟ ಇದೆಯೆಂದು ಹೇಳುವ ಆಪ್‌ಗಳು ಬಂದಿವೆ. ಭಾರತೀಯ ಅಡುಗೆಯ ಪಟ್ಟಿ ಇಟ್ಟುಕೊಂಡ ಬೆಂಗಳೂರಿನ ಹೆಲ್ದಿಫೈಮಿಯಂಥ ಆಪ್‌ಗಳೂ ಇವೆ. ಆದರೆ ಅಮ್ಮ ಮಾಡಿದ ಬಿಸಿಬೇಳೆ ಭಾತಿನಲ್ಲಿ ಅಕ್ಕಿ ಎಷ್ಟು, ಬೇಳೆ ಎಷ್ಟು, ತುಪ್ಪ ಎಷ್ಟು ಎಂದು ಯಾವ ಫೋಟೋ ಹೇಳೀತು? ಸ್ವೀಡನ್ನಿನಲ್ಲಿ ತಯಾರಾದ ಆಪ್‌ಗೆ ದಾಲ್ಚಿನ್ನಿ ಬನ್ನು ಗೊತ್ತು, ಮುದ್ದೆ ಗೊತ್ತಿಲ್ಲ.

ಮುದ್ದೆಯ ಮಾತು ಬಂದದ್ದರಿಂದ ಒಂದು ವಿಷಯ. "ಶುಗರ್ ಇದ್ದವರು ರಾಗಿ ಎಷ್ಟು ತಿಂದರೂ ಆಗುತ್ತದೆ" ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಪಿಷ್ಟ ಸುಮಾರು 67 ಗ್ರಾಂ, ನಾರು ಸುಮಾರು 11 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪಿಷ್ಟ ಸುಮಾರು 78, ನಾರು 3ಕ್ಕೂ ಕಡಿಮೆ. ರಾಗಿ ಮೇಲು, ನಿಜ. ಆದರೆ ದೊಡ್ಡ ದೊಡ್ಡ ಎರಡು ಮುದ್ದೆ ನುಂಗಿದರೆ ಸಕ್ಕರೆ ಏರದೆ ಇರುವುದಿಲ್ಲ. ಸೆನ್ಸರು, ಆಪ್‌ಗಳ ನಿಜವಾದ ಲಾಭ ಇಲ್ಲಿದೆ. ಊಟದ ಮೊದಲು ಒಮ್ಮೆ, ಎರಡು ಗಂಟೆಯ ಮೇಲೆ ಒಮ್ಮೆ ನೋಡಿದರೆ ಮುದ್ದೆ, ಚಪಾತಿ, ಅನ್ನ ಇವುಗಳಲ್ಲಿ ನಿಮ್ಮ ಮೈಗೆ ಯಾವುದು ಎಷ್ಟು ಸರಿಹೋಗುತ್ತದೆ ಎಂದು ನಿಮಗೇ ತಿಳಿಯುತ್ತದೆ. ಹದಿನೈದು ದಿನ ಹೀಗೆ ಬರೆದಿಟ್ಟ ಪಟ್ಟಿಯನ್ನು ನರ್ಸ್ ಮುಂದಿಟ್ಟರೆ ಅವರಿಗೂ ನಮ್ಮ ಊಟ ಅರ್ಥವಾಗುತ್ತದೆ.

ಇನ್ನು ಉಪವಾಸ. ಮೊದಲೇ ಹೇಳಿದ ಡಪಾಗ್ಲಿಫ್ಲೋಜಿನ್ ಮತ್ತು ಅದೇ ಗುಂಪಿನ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಭಾರತದಲ್ಲಿ 2020ರಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಅಗ್ಗವಾಗಿ ಬಹಳ ಮನೆಗಳನ್ನು ಸೇರಿದೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯದು ಮಾಡುವ ಮಾತ್ರೆ. ಆದರೆ ಇದನ್ನು ತೆಗೆದುಕೊಳ್ಳುತ್ತ ನಿರಾಹಾರ ಉಪವಾಸ ಮಾಡಿದರೆ, ಅಥವಾ ವಾಂತಿ ಭೇದಿಯಾಗಿ ಊಟ ಬಿಟ್ಟರೆ, ಅಪರೂಪಕ್ಕೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಪ್ರಾಣಕ್ಕೆ ಬರಬಹುದು. ಆಗ ಸಕ್ಕರೆಯ ಅಂಕಿ ಅಷ್ಟೇನೂ ಹೆಚ್ಚಿರದೆಯೂ ಇರಬಹುದು. ಅಂದರೆ ಫೋನಿನಲ್ಲಿ ಎಲ್ಲ ಹಸಿರು, ಮನುಷ್ಯ ಮಾತ್ರ ಐಸಿಯುನಲ್ಲಿ! ಏಕಾದಶಿ, ಶಿವರಾತ್ರಿ ಮಾಡುವವರು ಯಾವ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕೆಂದು ಮೊದಲೇ ವೈದ್ಯರನ್ನು ಕೇಳಿಕೊಳ್ಳಬೇಕು.

ಏಳು ಸಾವಿರ ಕಿಲೋಮೀಟರ್ ಆಚೆಯಿಂದ ಕಾವಲು

ಈಗ ಬಹಳ ಮನೆಗಳ ಕಥೆಗೆ ಬರೋಣ. ಸೆನ್ಸರು ಹಾಕಿಕೊಂಡವರ ಅಂಕಿಗಳನ್ನು ಬೇರೆಯವರೂ ತಮ್ಮ ಫೋನಿನಲ್ಲಿ ನೋಡಬಹುದು. ಲಿಬ್ರೆಗೆ ಲಿಬ್ರೆಲಿಂಕ್‌ಅಪ್, ಡೆಕ್ಸ್‌ಕಾಮ್‌ಗೆ ಫಾಲೋ ಎಂಬ ಆಪ್ ಇದೆ. ಹಾಸನದಲ್ಲಿ ಅಪ್ಪ ಜಾಮೂನು ತಿಂದರೆ ಮೋಲ್ನ್‌ಡಾಲ್‌ನಲ್ಲಿ ಮಗಳ ಫೋನು ಕಿರುಚುತ್ತದೆ. ಮಗಳು ತಕ್ಷಣ ವಾಟ್ಸಾಪಿನಲ್ಲಿ "ಅಪ್ಪ, ಏನು ತಿಂದ್ರಿ?" ಅಪ್ಪನಿಗೆ ಸಿಟ್ಟು. ಮುಂದಿನ ಸಲ ಅವರು ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ತಿನ್ನುತ್ತಾರೆ, ಅಷ್ಟೇ.

ದೂರದಲ್ಲಿರುವ ಮಕ್ಕಳಿಗೆ ಇದರಿಂದ ನೆಮ್ಮದಿ, ಒಪ್ಪೋಣ. ಆದರೆ ರಾತ್ರಿ ಎರಡು ಗಂಟೆಗೆ ಅಪ್ಪನ ಸಕ್ಕರೆ 55ಕ್ಕೆ ಇಳಿದಿದೆಯೆಂದು ಇಲ್ಲಿ ಗೊತ್ತಾದರೆ ನಾವು ಮಾಡುವುದೇನು? ಫೋನು ಮಾಡುತ್ತೇವೆ. ಎತ್ತದಿದ್ದರೆ? ಬಾಗಿಲು ತಟ್ಟಿ ಒಂದು ಲೋಟ ಸಕ್ಕರೆ ನೀರು ಕುಡಿಸುವವರು ಪಕ್ಕದ ಮನೆಯಲ್ಲಿ ಬೇಕು. ಆ ಪಕ್ಕದ ಮನೆಯವರ ನಂಬರು ನಿಮ್ಮಲ್ಲಿ ಇದೆಯೇ? ಒಂದು ಬೀಗದ ಕೈ ಅವರಲ್ಲಿ ಇದೆಯೇ? ಇಲ್ಲದಿದ್ದರೆ ನೀವು ಕೊಂಡದ್ದು ಆತಂಕವನ್ನು, ಕಾವಲನ್ನಲ್ಲ.

ಆದ್ದರಿಂದ ಸೆನ್ಸರಿಗೆ ದುಡ್ಡು ಕೊಡುವ ಮೊದಲು ಊರಿನಲ್ಲಿ ಅಂಕಿ ನೋಡುವ ಒಬ್ಬರನ್ನು ಗೊತ್ತು ಮಾಡಿ. ಮನೆ ಹತ್ತಿರದ ವೈದ್ಯರು ತಿಂಗಳಿಗೊಮ್ಮೆ ಆ ವರದಿ ನೋಡಲು ಒಪ್ಪುತ್ತಾರೆಯೇ ಎಂದು ಕೇಳಿ. ಕರ್ನಾಟಕದಲ್ಲಿ ದಾರಿಗಳು ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ ಸರ್ಕಾರದ್ದೇ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್ ಇದೆ. ಕೇಂದ್ರ ಸರ್ಕಾರದ ಇ-ಸಂಜೀವನಿಯಲ್ಲಿ 2020ರಿಂದ ಮನೆಯಲ್ಲಿ ಕುಳಿತೇ ಉಚಿತವಾಗಿ ವೈದ್ಯರನ್ನು ಕಾಣಬಹುದು. ರಾಜ್ಯ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಿಂದ ಶುರುಮಾಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರೇ ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಇವು ಯಾವುವೂ ಫೋನಿನಲ್ಲಿ ಬಣ್ಣಬಣ್ಣದ ಗೆರೆ ತೋರಿಸುವುದಿಲ್ಲ. ಆದರೆ ಮನುಷ್ಯರನ್ನು ತೋರಿಸುತ್ತವೆ.

ಮತ್ತೊಂದು ಮಾತು. ಕಾಯಿಲೆ ಅಪ್ಪನದು, ಅಂಕಿಯೂ ಅಪ್ಪನದೇ. ಯಾರು ನೋಡಬೇಕು, ಯಾವ ಮಟ್ಟಕ್ಕೆ ಇಳಿದರೆ ಮಾತ್ರ ಫೋನು ಮಾಡಬೇಕು ಎಂಬುದನ್ನು ಅವರನ್ನೇ ಕೇಳಿ ತೀರ್ಮಾನಿಸಿದರೆ ಮನೆಯಲ್ಲಿ ಜಗಳ ಕಡಿಮೆ. ತುಂಬ ಇಳಿದಾಗ ಮಾತ್ರ ಅಲಾರಂ ಇಟ್ಟುಕೊಂಡು ಜಾಮೂನಿನ ಲೆಕ್ಕವನ್ನು ಅವರಿಗೇ ಬಿಟ್ಟುಬಿಡುವುದು ಹಲವು ಮನೆಗಳಲ್ಲಿ ನಡೆಯುವ ಒಪ್ಪಂದ.

ಅಂಕಿ ಯಾರ ಕೈಗೆ ಹೋಗುತ್ತದೆ ಎಂಬುದಕ್ಕೆ ಇನ್ನೊಂದು ಮಗ್ಗುಲಿದೆ. ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ 2016ರಲ್ಲಿ ಬಂದ ವರದಿಯಂತೆ ಪರೀಕ್ಷಿಸಿದ 211 ಡಯಾಬಿಟಿಸ್ ಆಪ್‌ಗಳಲ್ಲಿ ಶೇಕಡಾ 81ಕ್ಕೆ ಮಾಹಿತಿ ಗೋಪ್ಯತೆಯ ನಿಯಮವೇ ಇರಲಿಲ್ಲ. ಯುರೋಪಿನಲ್ಲಿ 2018ರಿಂದ ಬಿಗಿಯಾದ ಕಾನೂನು ಇದೆ. ಭಾರತದಲ್ಲಿ 2023ರಲ್ಲಿ ಮಾಹಿತಿ ರಕ್ಷಣೆಯ ಕಾನೂನು ಅಂಗೀಕಾರವಾಯಿತು. ಪುಕ್ಕಟೆ ಆಪ್ ನಿಮ್ಮ ಸಕ್ಕರೆಯ ಜೊತೆಗೆ ನಿಮ್ಮ ಫೋನಿನ ನಂಬರುಗಳ ಪಟ್ಟಿಯನ್ನೂ ಕೇಳಿದರೆ ಯಾಕೆಂದು ಒಮ್ಮೆ ಯೋಚಿಸಿ.

ಅಪ್ಪ ಅಮ್ಮ ಇಲ್ಲಿಗೆ ಹೊರಟಿದ್ದರೆ

* ಪ್ರವಾಸಿ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಬೇಕೇ ಬೇಕು. ಆದರೆ ಮೊದಲಿನಿಂದ ಇರುವ ಕಾಯಿಲೆಯನ್ನು ಅದು ಒಳಗೊಂಡಿದೆಯೇ ಎಂದು ಓದಿ ನೋಡಿ. ಎಷ್ಟೋ ವಿಮೆಗಳಲ್ಲಿ ಇರುವುದಿಲ್ಲ.

* ಇನ್ಸುಲಿನ್ ಮತ್ತು ಮಾತ್ರೆ ಕೈಚೀಲದಲ್ಲೇ ಇರಲಿ, ವಿಮಾನದ ಹೊಟ್ಟೆಗೆ ಹಾಕುವ ಸೂಟ್‌ಕೇಸಿನಲ್ಲಿ ಬೇಡ. ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಕೆಲಸಕ್ಕೆ ಬಾರದು. ಚಳಿಗಾಲದಲ್ಲಿ ಹೊರಗೆ ನಡೆಯುವಾಗ ಕೋಟಿನ ಒಳಜೇಬಿನಲ್ಲಿ ಇಡಬೇಕು.

* ಮಾತ್ರೆಗಳ ಬ್ರಾಂಡ್ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ ಬರೆಸಿಕೊಂಡು ಬನ್ನಿ. ಊರಿನ ಬ್ರಾಂಡ್ ಇಲ್ಲಿಯವರಿಗೆ ತಿಳಿಯದು.

* ಬೆರಳು ಚುಚ್ಚುವ ಮೀಟರು ಮತ್ತು ಅದಕ್ಕೆ ಸರಿಹೊಂದುವ ಸ್ಟ್ರಿಪ್‌ಗಳನ್ನು ಸಾಕಷ್ಟು ತನ್ನಿ. ಆ ಮೀಟರಿನ ಸ್ಟ್ರಿಪ್ ಇಲ್ಲಿ ಸಿಗದೆ ಹೋಗಬಹುದು.

* ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ : ಎರಡೂ ಅಳತೆಯ ಅಂಕಿಗಳು, ಮಾತ್ರೆಗಳ ಹೆಸರು, ಸಲಹೆಗೆ 1177, ಪ್ರಾಣಾಪಾಯಕ್ಕೆ 112. ಕರೆಂಟು ಹೋದರೂ, ಬ್ಯಾಟರಿ ಮುಗಿದರೂ ಚೀಟಿ ಇರುತ್ತದೆ.

ನಮ್ಮ ಕೂಟಗಳು ಏನು ಮಾಡಬಹುದು?

ಯುಗಾದಿ, ರಾಜ್ಯೋತ್ಸವಗಳಿಗೆ ನಾವು ನೂರಾರು ಜನ ಸೇರುತ್ತೇವೆ. ಒಬ್ಬಟ್ಟು ಬಡಿಸುವ ಸಾಲಿನ ಪಕ್ಕದಲ್ಲೇ ಒಂದು ಮೇಜು ಹಾಕಿ ಬಿಪಿ, ಶುಗರ್ ನೋಡುವ ಏರ್ಪಾಟು ಮಾಡಿದರೆ ಹೇಗೆ? ನವೆಂಬರ್ 14 ವಿಶ್ವ ಮಧುಮೇಹ ದಿನ, ರಾಜ್ಯೋತ್ಸವದ ತಿಂಗಳಲ್ಲೇ ಬರುತ್ತದೆ. ನಮ್ಮ ನಡುವೆ ವೈದ್ಯರು, ನರ್ಸ್‌ಗಳು, ಔಷಧ ಕಂಪನಿಗಳಲ್ಲಿ ದುಡಿಯುವ ವಿಜ್ಞಾನಿಗಳು ಇದ್ದಾರೆ. ಇಲ್ಲಿಯ ಒಬ್ಬ ಡಯಾಬಿಟಿಸ್ ನರ್ಸ್‌ರನ್ನು ಕರೆದು ನಮ್ಮ ಊಟದ ತಟ್ಟೆಯನ್ನು ಅವರ ಮುಂದಿಟ್ಟು ಮಾತನಾಡಿಸಬಹುದು. ಮುದ್ದೆ, ಚಿತ್ರಾನ್ನ, ಉಪ್ಪಿಟ್ಟು, ಹೋಳಿಗೆಗಳ ಒಂದೊಂದು ಪಾಲಿನಲ್ಲಿ ಪಿಷ್ಟ ಎಷ್ಟು ಎಂಬ ಒಂದು ಪುಟದ ಪಟ್ಟಿಯನ್ನು ಕನ್ನಡದಲ್ಲೂ ಸ್ವೀಡಿಷ್‌ನಲ್ಲೂ ಮಾಡಿಟ್ಟರೆ, ಅದು ಮೋಲ್ನ್‌ಡಾಲ್‌ನ ನರ್ಸ್‌ಗೂ ಉಪಯೋಗ, ಮಂಡ್ಯದ ಅಜ್ಜಿಗೂ ಉಪಯೋಗ.

ಆಪ್ ಹಾಕಿಕೊಳ್ಳಿ, ಬೇಡವೆನ್ನುವವರು ಯಾರು? ಹಾಕಿಕೊಂಡ ದಿನವೇ ಎರಡು ಕೆಲಸ ಮಾಡಿ. ಅಳತೆ ಯಾವುದೆಂದು ನೋಡಿಕೊಳ್ಳಿ. ಅದರ ವರದಿಯನ್ನು ಯಾವ ತಾರೀಖಿನಂದು ಯಾವ ನರ್ಸ್ ಅಥವಾ ಡಾಕ್ಟರಿಗೆ ತೋರಿಸುತ್ತೀರೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಂದು ಬಿಪಿ, ಕೊಲೆಸ್ಟರಾಲ್, ಮೂತ್ರ, ಕಣ್ಣು, ಪಾದಗಳ ಪರೀಕ್ಷೆ ಯಾವಾಗ ಆಗಿತ್ತೆಂದೂ ಕೇಳಿಕೊಂಡು ಬನ್ನಿ.

ನಿಮ್ಮ ಮನೆಯಲ್ಲಿ ಈ ಲೆಕ್ಕ ಹೇಗೆ ನಡೆಯುತ್ತಿದೆ? ಊರಿನ ಅಪ್ಪ ಅಮ್ಮನ ಜೊತೆ ಏನು ಒಪ್ಪಂದ ಮಾಡಿಕೊಂಡಿದ್ದೀರಿ? ಬರೆದು ತಿಳಿಸಿ, ಉಳಿದವರಿಗೂ ದಾರಿ ಕಾಣಲಿ.